ಹೋಗಿ ಬರ್ತೀನಿ ಸಿಸ್ಟರ್

ಚನ್ನಗಿರಿಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ನಗು ಬರಿಸುವ ಸಂಗತಿಗಳು ಒಂದು ದಿನವೂ ರಜಾ ಹಾಕುವುದಿಲ್ಲ. ನರ್ಸ್‌ಗಳಿಗೂ ರಜಾ ಸಿಗುವುದಿಲ್ಲವಾದ್ದರಿಂದ ಅವೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತವೆ. ಹೀಗಿರುವಾಗಲೇ ನಾನು ಜರ್ಮನಿಗೆ ಹೋಗುವ ಕನಸು ಕಟ್ಟಿದ್ದು. ಕನಸಿಗೆ ಯಾರ ಸಹಿಯೂ ಬೇಕಿಲ್ಲವಲ್ಲ.

೧. ಹರಕೆ

ಗುಣವಾಗಿ ಮನೆಗೆ ಹೊರಟವರೆಲ್ಲ "ಹೋಗಿ ಬರ್ತೀವಿ ಸಿಸ್ಟರ್" ಅನ್ನುತ್ತಾರೆ. ಬರೀ ‘ಹೋಗ್ತೀನಿ’ ಅನ್ನುವುದು ನಮ್ಮಲ್ಲಿ ಅಪಶಕುನ. ಆದರೆ ಆಸ್ಪತ್ರೆಗೆ ಮತ್ತೆ ಬರುವುದು ಶುಭವೇ? ಅದಕ್ಕೇ ನಾನು ಎಲ್ಲರನ್ನೂ "ಬರಬೇಡ್ರಿ" ಅಂತ ಹರಸಿ ಕಳಿಸುತ್ತೇನೆ.

ಉಬ್ರಾಣಿಯ ಅಜ್ಜ ಒಬ್ಬರು ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡು ಹೋದರು. ಮುಂದಿನ ವಾರ ಗಟ್ಟಿಮುಟ್ಟಾಗಿ ಬಂದು ಎದುರು ನಿಂತರು. ಏನು ತೊಂದರೆ ಅಂತ ಕೇಳಿದೆ.

"ಬರಬ್ಯಾಡ ಅಂದ್ರಲ್ಲ, ಅದೇ ತೊಂದ್ರೆ. ಯಾಕೆ ಹಂಗಂದ್ರಿ ಅಂತ ಕೇಳಾಕೆ ಬಂದೆ."

೨. ಹಿಮ

ಮಧ್ಯಾಹ್ನದ ಊಟ ಮುಗಿದರೆ ವಾರ್ಡಿಗೆಲ್ಲ ಮಂಪರು. ಬಿಳಿ ಪರದೆ ಗಾಳಿಗೆ ಮೆಲ್ಲಗೆ ಉಬ್ಬುತ್ತದೆ, ನಾನು ನಿಂತಲ್ಲೇ ಜರ್ಮನಿಯ ಹಿಮದ ಮೇಲೆ ನಡೆಯುತ್ತೇನೆ. ಅಲ್ಲಿ ನರ್ಸ್ ಕೂತು ಉಣ್ಣುತ್ತಾಳಂತೆ, ರಜಾ ಕೇಳಿದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲವಂತೆ. ಒಂದು ದಿನ ಹಾಗೇ ನಡೆಯುತ್ತಿದ್ದಾಗ ಯಾರೋ ಮೆತ್ತಗೆ ಕರೆದರು. ಆಗಷ್ಟೇ ಕಲಿತಿದ್ದ ಜರ್ಮನ್ ನಮಸ್ಕಾರ ಬಾಯಿಗೆ ಬಂತು. "ಗುಟನ್ ಟಾಗ್" ಅಂದೆ.

ಜಗಳೂರಿನ ಚಾಚಿಯೊಬ್ಬರು ಗಂಡನ ಡ್ರಿಪ್ ತೋರಿಸುತ್ತಾ ನಿಂತಿದ್ದರು. "ಹೂಂ ಸಿಸ್ಟರ್, ಒಂದು ಗುಟುಕೂ ಇಲ್ಲ. ಬಾಟ್ಲಿ ಪೂರಾ ಖಾಲಿ ಐತೆ."

೩. ಸಂದರ್ಶನ

ಕೊನೆಗೂ ಜರ್ಮನಿಯ ಆಸ್ಪತ್ರೆಯೊಂದರ ಮೇಡಂ ಫೋನಿನ ಪರದೆ ಮೇಲೆ ಬಂದರು. ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಒಂದು ಪಾಳಿಗೆ ವಾರ್ಡಿನಲ್ಲಿ ಎಷ್ಟು ನರ್ಸ್ ಅಂತ ಕೇಳಿದರು. "ನಾನು" ಅಂದೆ. "ನೀವು ಸರಿ, ಒಟ್ಟು ಎಷ್ಟು ಮಂದಿ?" ಅಂದರು. "ನಾನೇ" ಅಂದೆ. ಆಕೆ ಅದನ್ನು ಬರೆದುಕೊಂಡರು. ಆಮೇಲೆ ನಿಮಗೆ ಕೆಲಸ ಸಿಕ್ಕಿತು ಅಂದರು.

ಖುಷಿಯಲ್ಲಿ ನಮ್ಮೂರ ಮಾತೇ ಇಂಗ್ಲಿಷಿನಲ್ಲಿ ಬಂದುಬಿಟ್ಟಿತು: "ಐ ವಿಲ್ ಗೋ ಅಂಡ್ ಕಮ್, ಮೇಡಂ."

ಇನ್ನೂ ಇಲ್ಲಿಗೇ ಬಂದಿಲ್ಲ, ವಾಪಸ್ ಯಾವಾಗ ಹೋಗುತ್ತೀರಿ ಅಂತ ಮೇಡಂ ಕೇಳಿದರು. ಬೇಸರ ತರಿಸಿದ್ದು ಕೆಲಸ, ಜನ ಅಲ್ಲ. ಥ್ಯಾಂಕ್ಸ್ ಹೇಳಿ ಕರೆ ಮುಗಿಸಿದೆ.

ಹೊರಗೆ ಬಂದರೆ ಉಬ್ರಾಣಿ ಅಜ್ಜ ಅವರೆಕಾಯಿ ಚೀಲ ಹಿಡಿದು ಕೂತಿದ್ದಾರೆ. ವಿಷಯ ಹೇಳಿ, "ಹೋಗಿ ಬರ್ತೀನಿ ಅಜ್ಜ" ಅಂದೆ.

ಅಜ್ಜ ನನ್ನನ್ನೇ ನೋಡಿದರು. "ಬರಬ್ಯಾಡ್ರಿ," ಅಂದರು.

ನನ್ನ ಮುಖ ಸಣ್ಣದಾಯಿತು.

"ಬೇಜಾರಾತಾ?"

"ಆತು."

"ಅವತ್ತು ನನಗೂ ಹಿಂಗೇ ಆಗಿತ್ತು," ಅಂದವರು ಚೀಲ ನನ್ನ ಕೈಗೆ ಕೊಟ್ಟರು.