ಒಂದು ಮೊರ ತೌಡಿನ ಮಗಳು

ಕುಷ್ಟಗಿಯ ಕಾಳಿನ ವ್ಯಾಪಾರಿ ಹಂಪಣ್ಣನ ನಾಲಗೆಗೆ ಒಂದು ರೋಗವಿತ್ತು. ಯಾರು ಏನು ಬೆಲೆ ಹೇಳಿದರೂ ಅದು ತಾನಾಗಿಯೇ "ಅರ್ಧಾ ಮಾಡ್ರಿ" ಅನ್ನುತ್ತಿತ್ತು. ಕಾಯಿಪಲ್ಯೆ ಮಾರುವವಳಿಗೂ ಅಷ್ಟೇ, ಬಳೆಗಾರನಿಗೂ ಅಷ್ಟೇ. ಹಕೀಮರು ಮೂರು ಹೊತ್ತು ಕಷಾಯ ಕುಡಿ ಅಂದಾಗ ಚೌಕಾಸಿ ಮಾಡಿ ಒಂದೂವರೆ ಹೊತ್ತಿಗೆ ಇಳಿಸಿ ಬಂದ ಮಹಾಪುರುಷ ಅವನು. (ಅರ್ಧ ಹೊತ್ತು ಅಂದರೆ ಯಾವಾಗ ಅಂತ ಹೆಂಡತಿ ಕಳಕಮ್ಮ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.) ಊರವರು ನಗುತ್ತಿದ್ದರು, ಹಂಪಣ್ಣ ಅದನ್ನು ಹೊಗಳಿಕೆ ಅಂತ ತಿಳಿದಿದ್ದ. ಇಂಥ ನಾಲಗೆ ಮಗಳ ಹುಟ್ಟುಹಬ್ಬದ ದಿನ ಅವನ ಮಾನವನ್ನು ಓಣಿಯ ನಡುವೆ ಹರಾಜಿಗಿಟ್ಟಿತು ನೋಡಿ.

ಅಲ್ಲ, ಆ ಕಾಲದಲ್ಲಿ ಹುಟ್ಟಿದ ದಿನವನ್ನು ಯಾರು ಮಾಡುತ್ತಿದ್ದರು? ಸಾಲಗಿರಾ ಅನ್ನುವ ಹುಟ್ಟುಹಬ್ಬ ಅಂದರೆ ಹೈದರಾಬಾದಿನ ದೊರೆಯದು. ಮಿಕ್ಕವರ ಮಕ್ಕಳೆಲ್ಲ "ಆ ವರ್ಷ ಕುಸುಬಿ ಛಲೋ ಬೆಳೆದಿತ್ತಲ್ಲ, ಆವಾಗ" ಹುಟ್ಟಿದವರು. ಆದರೆ ಹಂಪಣ್ಣನ ಮಗಳು ಹುಟ್ಟಿದ ತಿಥಿ ಮಾತ್ರ ಓಣಿಗೆಲ್ಲ ಬಾಯಿಪಾಠ. ಯಾಕೆಂದರೆ ಅವತ್ತೇ ಆಕೆಯನ್ನು ಮಾರಿದ್ದರು.

ಗಾಬರಿಯಾಗಬೇಡಿ. ಕಳಕಮ್ಮನ ಮೊದಲಿನ ಎರಡು ಕೂಸು ತೊಟ್ಟಿಲಲ್ಲಿ ಉಳಿಯಲಿಲ್ಲ. ಮೂರನೆಯದು ಹುಟ್ಟಿದ ಕೂಡಲೇ ಹಂಪಣ್ಣನ ತಾಯಿ ಶಿವಬಸಮ್ಮ ಸೆರಗು ಕಟ್ಟಿ ನಿಂತಳು. ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲಿಳಿಸಿ, ಎದುರುಮನೆಯ ನಸೀಮಾಬಿಗೆ ಒಂದು ಮೊರ ತೌಡಿಗೆ ಮಾರಿಬಿಟ್ಟಳು. ತೌಡಿಗೆ ಹೋದ ಕೂಸಿನ ಮೇಲೆ ಯಾವ ಸಾವು ಕಣ್ಣು ಹಾಕುತ್ತದೆ, ಹೇಳಿ? ಹೆಸರೂ ತಿಪ್ಪವ್ವ ಅಂತಾಯಿತು. ಕೂಸು ಉಂಡದ್ದು, ಮಲಗಿದ್ದು ಹೆತ್ತ ಮನೆಯಲ್ಲೇ. ಆದರೆ ಐದು ವರ್ಷ ತುಂಬುವ ತನಕ ಕಳಕಮ್ಮ ಬಾಯಿ ಬಿಟ್ಟು "ನನ್ನ ಮಗಳು" ಅನ್ನುವಂತಿರಲಿಲ್ಲ. ಯಾರಾದರೂ ಕೇಳಿದರೆ "ನಸೀಮಾಬಿ ಹುಡುಗಿರಿ, ಆಡಾಕ ಬಂದೈತಿ" ಅನ್ನಬೇಕು. ಹಾಗೆ ಅಂದು ಒಳಗೆ ಹೋಗಿ ಆಕೆ ಕಣ್ಣೊರೆಸಿಕೊಂಡದ್ದನ್ನು ಹಂಪಣ್ಣ ಎಷ್ಟೋ ಸಲ ಕಂಡಿದ್ದ.

ಇವತ್ತು ಐದು ತುಂಬಿತ್ತು. ತಿಪ್ಪವ್ವನನ್ನು ಮರಳಿ ಕೊಳ್ಳುವ ದಿನ. ಶಿವಬಸಮ್ಮ ಬೆಳಗಿನಿಂದ ಎಲ್ಲರಿಗೂ ತಾಕೀತು ಮಾಡುತ್ತಿದ್ದಳು. "ದೀಪಾ ಹಚ್ಚೂದರಾಗ ಮುಗೀಬೇಕು. ಹುಡುಗಿ ತನ್ನ ಕಾಲಿಲೇ ಹೊಸ್ತಿಲಾ ದಾಟಿ ಬರಬೇಕು, ಎಳಕೊಂಡು ಬಂದ್ರ ನಡಿಯೂದಿಲ್ಲ. ಇವತ್ತು ತಪ್ಪಿದ್ರ ಮತ್ತ ಐದು ವರ್ಷ ಕಾಯಬೇಕಾಗತೈತಿ, ತಿಳೀತಿಲ್ಲೋ?"

ಕಳಕಮ್ಮ ಹೊಸ ಇಳಕಲ್ ಸೀರೆ ಉಟ್ಟು, ಮೊರ ಹಿಡಿದು ನಿಂತಳು. ಹಂಪಣ್ಣ ರುಮಾಲು ಸುತ್ತಿಕೊಂಡು, ಮಗಳಿಗೆಂದು ಆರಿಸಿಟ್ಟ 'ರಾಜರಾಜೇಶ್ವರಿ' ಎಂಬ ಹೊಸ ನಾಮಧೇಯವನ್ನು ಬಾಯಲ್ಲೇ ಹೊರಳಿಸುತ್ತ, ಓಣಿ ದಾಟಿ ನಸೀಮಾಬಿಯ ಕಟ್ಟೆಗೆ ದಯಮಾಡಿಸಿದ. ಹೆಂಡತಿ, ತಾಯಿ, ಓಣಿಯವರೆಲ್ಲ ಹಿಂದೆಯೇ ಬಂದರು.

ಕಟ್ಟೆಯ ಮೇಲೆ ತಿಪ್ಪವ್ವ ಹಸಿರು ಪರಕಾರದ ನೆರಿಗೆ ಹರವಿಕೊಂಡು ಕೂತಿತ್ತು. ನಸೀಮಾಬಿ ಅದರ ತಲೆಯ ಮೇಲೆ ಕೈಯಿಟ್ಟು, ಶಾಸ್ತ್ರದಂತೆ ದೊಡ್ಡದಾಗಿ ಹೇಳಿದಳು.

"ಒಂದು ಮೊರ ತೌಡು ಕೊಟ್ಟು ತಗೊಂಡೀನಿ. ಇಷ್ಟು ದಿನಾ ನಂದಂತ ಕಾಯ್ದೀನಿ. ಈಗ ಒಂದು ಮೊರ ಜ್ವಾಳ ಕೊಟ್ಟು ಒಯ್ಯಿರಿ, ಹಂಪಣ್ಣಾರ."

ಹಂಪಣ್ಣ "ಕೊಟ್ಟೆ" ಅನ್ನಬೇಕಿತ್ತು. ಅಷ್ಟೇ. ಬೆಳಗಿನಿಂದ ಶಿವಬಸಮ್ಮ ಕಲಿಸಿದ್ದೂ ಅದನ್ನೇ. ಅವನು ಬಾಯಿ ತೆರೆದ.

"ಅರ್ಧಾ ಮಾಡ್ರಿ."

ಶಿವಬಸಮ್ಮ ಹಣೆ ಹಣೆ ಬಡಿದುಕೊಂಡಳು. ಕಳಕಮ್ಮ ಗಂಡನ ಕಡೆ ತಿರುಗಿದಳು. "ನಿಮ್ಮ ನಾಲಗಿಗೆ ಸುಣ್ಣಾ ಹಚ್ಚಲಿ! ಇವತ್ತರೆ ಸುಮ್ಮಕಿರಬಾರದೇನ್ರಿ?"

"ಬಾಯಿ ತಪ್ಪಿ ಬಂತಲೇ! ಒಂದು ಮೊರ ಕೊಡತೀನಿ, ಪೂರಾ ಕೊಡತೀನಿ. ಬಾರವಾ ರಾಜರಾಜೇಶ್ವರಿ!"

ತಿಪ್ಪವ್ವ ಹಿಂದೆ ಮುಂದೆ ನೋಡಿತು. "ಆಕಿ ಯಾರು? ಬಂದಿಲ್ಲಿನ್ನಾ."

"ನೀನವ್ವಾ, ನನ್ನ ಬಂಗಾರ! ಅದು ನಿನ್ನ ಹೊಸ ಹೆಸರು."

"ನಾ ತಿಪ್ಪವ್ವ. ಅರ್ಧಾ ಮೊರಕ್ಕ ನಾ ಬರೂದಿಲ್ಲ."

"ಪೂರಾ ಮೊರ ಅಂದ್ನೆಲ್ಲವಾ!"

ಹುಡುಗಿ ಎರಡೂ ಕೈ ಸೊಂಟಕ್ಕಿಟ್ಟಿತು. ದಿನಾ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಬೆಳೆದ ಕೂಸು. ಅಪ್ಪನದೇ ದನಿಯಲ್ಲಿ, ಅಪ್ಪನ ಹಾಗೇ ಕತ್ತು ವಾರೆ ಮಾಡಿ ಹೇಳಿತು. "ಆಗಿನ ಧಾರಣಿ ಆಗ ಹೋತ್ರಿ. ಈಗಿನ ಮಾತು ಬ್ಯಾರೆ. ಕೊಳ್ಳಾವರು ಕೊಳ್ರಿ, ಇಲ್ಲಾಂದ್ರ ಕಟ್ಟಿ ಬಿಟ್ಟು ಇಳೀರಿ, ಗಿರಾಕಿ ಬರತಾರ."

ಓಣಿ ಘೊಳ್ ಅಂತು. ನಸೀಮಾಬಿ ಸೆರಗು ಬಾಯಿಗೆ ತುರುಕಿಕೊಂಡಳು. ಹೊತ್ತು ಮಾತ್ರ ನಗಲಿಲ್ಲ, ಬೇವಿನ ಗಿಡದ ಹಿಂದಕ್ಕೆ ಇಳಿಯುತ್ತಲೇ ಇತ್ತು. ಕಳಕಮ್ಮ ಗಂಡನ ಅಂಗಿ ಜಗ್ಗಿದಳು. "ಏನ ಕೇಳತೈತಿ ಅದನ್ನ ಕೊಟ್ಟು ಮುಗಸರಿ! ದೀಪಾ ಹಚ್ಚೂ ಹೊತ್ತಾತು, ನನ್ನ ಜೀವಾ ಹೋಗಾಕತ್ತೈತಿ."

"ಏನ್ ಬೇಕವಾ ತಾಯಿ, ಹೇಳು," ಅಂದ ಹಂಪಣ್ಣ.

"ನಾ ಎಷ್ಟು ತೂಕ ಅದೀನಿ, ಅಷ್ಟು ಬೆಲ್ಲ. ನಸೀಮಾಬಿಗೆ."

'ಅರ್ಧಾ' ಅನ್ನೋದು ಗಂಟಲ ತನಕ ಬಂದಿತ್ತು. ಹಂಪಣ್ಣ ನಾಲಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. (ಹಿಂದೆಂದೂ ಕಚ್ಚಿರಲಿಲ್ಲವಾಗಿ ಭಾಳ ನೋವಾಯಿತು.)

ಅಂಗಡಿಯಿಂದ ದೊಡ್ಡ ತಕ್ಕಡಿ ಬಂತು, ಬೆಲ್ಲದ ಪೆಂಟಿಗಳು ಬಂದವು. ತಿಪ್ಪವ್ವ "ತಡೀರಿ, ನೀರು ಕುಡುದು ಬರತೀನಿ" ಅಂತ ನಸೀಮಾಬಿಯ ಅಡುಗೆಮನೆಗೆ ಹೋಗಿ ಬಂದು, ಪರಕಾರ ಮುದುಡಿಕೊಂಡು ಗಂಭೀರವಾಗಿ ತಕ್ಕಡಿಯ ಒಂದು ಪರಡಿಯಲ್ಲಿ ಕೂತಿತು. ಹಂಪಣ್ಣ ಇನ್ನೊಂದು ಪರಡಿಗೆ ಒಂದು ಪೆಂಟಿ ಇಟ್ಟ. ತಕ್ಕಡಿ ಮಿಸುಕಲಿಲ್ಲ. ಇನ್ನೊಂದಿಟ್ಟ. ಊಹುಂ. ಮತ್ತೊಂದಿಟ್ಟ.

ಪೆಂಟಿ ಇಡುತ್ತ ಇಡುತ್ತ ಹಂಪಣ್ಣನಿಗೆ ಹಳೆಯದು ನೆನಪಾಯಿತು. ಈ ಹುಡುಗಿ ಹುಟ್ಟಿದಾಗ ಹಲ್ಲಿಯಷ್ಟು ಇತ್ತು. ಮಲಗಿದಾಗಲೆಲ್ಲ ಉಸಿರಾಡುತ್ತಿದೆಯೋ ಇಲ್ಲವೋ ಅಂತ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದ. ದಿನಾ ಊರ ಜೋಳವನ್ನೆಲ್ಲ ತೂಗಿದವನು ಇದನ್ನು ಮಾತ್ರ ಒಂದು ದಿನವೂ ತೂಗಿರಲಿಲ್ಲ, ಹಗುರ ಬಂದೀತು ಅನ್ನುವ ಹೆದರಿಕೆಗೆ. ಈಗ ನೋಡಿದರೆ ಪರಡಿ ನೆಲ ಕಚ್ಚಿ ಕೂತಿತ್ತು. ಅದರಲ್ಲಿ ಕೂತವಳು ಮೂಗು ಮೇಲೆ ಮಾಡಿಕೊಂಡು ಇನ್ನೊಂದು ಪೆಂಟಿಗೆ ಬೆರಳು ತೋರಿಸುತ್ತಿದ್ದಳು. ಇಷ್ಟು ಹಟ ಎಲ್ಲಿಂದ ಬಂತು ಇದಕ್ಕೆ? ಬದುಕುವ ಕೂಸಿಗೇ ಇಂಥ ಹಟ ಇರುತ್ತದೆ, ಅನಿಸಿತು ಅವನಿಗೆ. ಐದು ವರ್ಷದಿಂದ ಹೆಗಲ ಮೇಲಿದ್ದ ಚೀಲ ಇಳಿಸಿದ ಹಾಗೆ ಹಗುರಾದ.

ಆದರೂ ರೋಗ ರೋಗವೇ. ಎಡಗೈ ಹೆಬ್ಬೆರಳು ಹಂಪಣ್ಣನಿಗೂ ಗೊತ್ತಾಗದಂತೆ ಸರಿದು ಬೆಲ್ಲದ ಪರಡಿಯನ್ನು ಮೆಲ್ಲಗೆ ಒತ್ತಿತು.

"ಅಪ್ಪ ಬಟ್ಟು ಒತ್ತಾಕತ್ತಾನ!" ಕಿರುಚಿತು ತಿಪ್ಪವ್ವ. "ಅಂಗಡ್ಯಾಗೂ ಹಿಂಗ ಒತ್ತತಾನ! ನಾ ನೋಡೀನಿ!"

ಓಣಿಯಲ್ಲಿದ್ದವರೆಲ್ಲ ಅವನ ಗಿರಾಕಿಗಳೇ. ನಗು ನಿಂತಿತು. ಆಮೇಲೆ ಎರಡರಷ್ಟಾಗಿ ಎದ್ದಿತು. "ಅದಕ್ಕ ನೋಡ್ರಿ, ನಮ್ಮ ಮನ್ಯಾಗ ತೊಗರಿಬ್ಯಾಳಿ ಲಗೂ ತೀರೂದು!" ಅಂತ ಯಾರೋ ಕೂಗಿದರು. ಹಂಪಣ್ಣ ರುಮಾಲು ಕಣ್ಣ ತನಕ ಇಳಿಸಿಕೊಂಡು, ಉಳಿದ ಪೆಂಟಿಗಳನ್ನೆಲ್ಲ ಎತ್ತಿ ಪರಡಿಗೆ ಸುರಿದುಬಿಟ್ಟ. ತಕ್ಕಡಿ ಸಮನಾಯಿತು.

"ಕೊಟ್ಟೆ!" ಅಂದ.

"ಕೊಟ್ಟೀನಿ, ಒಯ್ಯಿರಿ," ಅಂದಳು ನಸೀಮಾಬಿ. ಅಂದು ಹುಡುಗಿಯ ತಲೆಯನ್ನು ಇನ್ನೊಮ್ಮೆ ಸವರಿದಳು.

ತಿಪ್ಪವ್ವ ಎದ್ದಿತು. ಎದ್ದದ್ದೇ ಪರಕಾರದಿಂದ ನಸೀಮಾಬಿಯ ರುಬ್ಬುಗುಂಡು ಧಪ್ ಅಂತ ಕೆಳಗೆ ಬಿತ್ತು. ಹಂಪಣ್ಣ ಗುಂಡನ್ನು ನೋಡಿದ, ಮಗಳನ್ನು ನೋಡಿದ, ಬೆಲ್ಲದ ರಾಶಿ ನೋಡಿದ. ಹುಡುಗಿ ಆಗಲೇ ಅಮ್ಮ ಹಿಡಿದ ಮೊರವನ್ನು ಮುಟ್ಟಿ, ಓಣಿ ದಾಟಿ, ಹೊಸ್ತಿಲು ಜಿಗಿದು ಒಳಗಿತ್ತು. ಶಿವಬಸಮ್ಮ ಹಿಂದೆಯೇ ಹೋಗಿ ದೀಪ ಹಚ್ಚಿದಳು.

ಕಳಕಮ್ಮ ಮೊರ ಬಿಸಾಡಿ ಓಡಿ ಬಂದು ಕೂಸನ್ನು ತಬ್ಬಿದಳು. "ನನ್ನ ಮಗಳು! ನನ್ನ ಮಗಳ್ರೀ! ಕೇಳಿದಿರೇನ್ರಿ ಎಲ್ಲಾರೂ, ಇಕಿ ನನ್ನ ಮಗಳು!" ಅಂತ ಅಳುತ್ತ, ನಗುತ್ತ, ಹಿಂದಿನ ಓಣಿಗೂ ಕೇಳುವಂತೆ ಕೂಗಿದಳು. ನಸೀಮಾಬಿ ಬೆಲ್ಲ ಒಡೆದು ಕಂಡಕಂಡವರಿಗೆ ಹಂಚಿದಳು. ರಾಜರಾಜೇಶ್ವರಿ ಎಂಬ ನಾಮಧೇಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ಉಣ್ಣಲು ಕೂತಾಗ ತಿಪ್ಪವ್ವ ಹೋಳಿಗೆ ಅಗಿಯುತ್ತ ಕೇಳಿತು. "ಅಪ್ಪಾ, ನಾಳೆ ನನ್ನ ಮತ್ತ ಮಾರತೀಯೇನು?"

"ಇಲ್ಲವಾ ನನ್ನವ್ವಾ! ಆ ವ್ಯಾಪಾರ ಬಂದ್ ಆತು!"

"ಮಗಳನ್ಯಾಕ ಮಾರಬೇಕು?" ಕಳಕಮ್ಮ ತುಪ್ಪ ಬಡಿಸುತ್ತ ಅಂದಳು. ಐದು ವರ್ಷದಲ್ಲಿ ಆಕೆಯ ಮುಖ ಅಷ್ಟು ಅರಳಿದ್ದನ್ನು ಹಂಪಣ್ಣ ಕಂಡಿರಲಿಲ್ಲ. "ಮಾರೂದಾದ್ರ ನಿಮ್ಮಪ್ಪನ್ನ ಮಾರೋಣು. ನಸೀಮಾಬಿ ಒಂದು ಮೊರ ತೌಡು ಕೊಟ್ಟಾಳು."

ತಿಪ್ಪವ್ವ ಅಪ್ಪನನ್ನು ರುಮಾಲಿನಿಂದ ಪಾದದ ತನಕ ಒಮ್ಮೆ ನೋಡಿತು, ಕತ್ತು ವಾರೆ ಮಾಡಿತು.

"ಕೊಡೂದಿಲ್ಲಬೇ. ಅರ್ಧಾ ಮಾಡು."