ರಾಣಿಯ ಬೀಸಣಿಗೆಯೂ ಪದ್ಮರಾಜಯ್ಯನವರ ವಿಮಾನವೂ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸತ್ತವನೊಬ್ಬನ ನೆನಪಿಗೆ ಇಟ್ಟಿದ್ದನ್ನು ಹೊಯ್ಸಳ ರಾಣಿಯ ಬೀಸಣಿಗೆ ಮಾಡಿದವನು ನಾನು. ಅಣಕಿಸುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಹಗರೆ ಬಸ್ಸಿನ ಕಂಡಕ್ಟರು, ಬೇಲೂರಿನ ಗೈಡು, ನಮ್ಮ ಹೆಡ್‌ಮಾಸ್ಟರು, ಯಾರನ್ನೂ ಬಿಟ್ಟವನಲ್ಲ. "ನಿನ್ನ ಸ್ವಂತ ದನಿ ಕೇಳಿ ಎಷ್ಟು ದಿನ ಆಯ್ತಪ್ಪಾ" ಎಂದು ಅಮ್ಮ ಅಂದರೆ, ಆ ಮಾತನ್ನೂ ಅವಳದೇ ರಾಗದಲ್ಲಿ ಹಿಂತಿರುಗಿಸುತ್ತಿದ್ದೆ.

ಬಸ್ತಿಹಳ್ಳಿಯ ಪದ್ಮರಾಜಯ್ಯನವರು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮನೆಯ ಮುಂದಿನ ಕೋಣೆಯನ್ನೇ ವಿಮಾನಗಳ ಮ್ಯೂಸಿಯಂ ಮಾಡಿದ್ದರು. ಗಾಜು ಒಡೆದ ಮೀಟರು, ಒಂಟಿ ಗ್ಲೌಸು, ಮೂಲೆಯಲ್ಲಿ ಆಳೆತ್ತರದ ಮರದ ರೆಕ್ಕೆ. ವಿಮಾನದ ಮೂತಿಯಲ್ಲಿ ತಿರುಗುವ ಫ್ಯಾನಿನದು ಅದು. ಮೇಲೆ ಬಿಳಿ ಬಣ್ಣದಲ್ಲಿ 'ಮ್ಯಾಥ್ಯೂ' ಎಂದು ಬರೆದಿತ್ತು. ಸೀಳು ಬಿಟ್ಟಿತೆಂದು ಇವರೇ ಅದನ್ನು ಬಿಚ್ಚಿ, ಹೊಸದು ಕೂರಿಸಿ ಪೈಲಟ್ ಗೆಳೆಯನನ್ನು ಹಾರಲು ಕಳಿಸಿದ್ದರಂತೆ. ಹೊಸದೂ ವಾಪಸ್ ಬರಲಿಲ್ಲ, ಮ್ಯಾಥ್ಯೂನೂ ಬರಲಿಲ್ಲ. ಹಳೆಯದು ಉಳಿಯಿತು. ಆ ಇಂಜಿನ್ನಿನ ಸದ್ದನ್ನು ಅವರು ದಿನಾ ಬಾಯಲ್ಲಿ ಮಾಡಿ ತೋರಿಸುವರು. ಅರ್ಧಕ್ಕೇ ಕೆಮ್ಮು ಬಂದು ನಿಲ್ಲುವುದು. ನಾನು ಬಸ್ ಸ್ಟ್ಯಾಂಡಿನಲ್ಲಿ ಆ ಕೆಮ್ಮನ್ನೂ ಸೇರಿಸಿ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ.

ಒಂದು ಮಧ್ಯಾಹ್ನ ನನ್ನನ್ನು ಕಾವಲಿಗೆ ಕೂರಿಸಿ ಅವರು ಹಾಲು ತರಲು ಹೋದರು. ಬಸದಿ ನೋಡಲು ಬಂದ ಅರಸೀಕೆರೆ ಕಡೆಯ ಹೆಂಗಸರು ಒಳಗೆ ಇಣುಕಿದರು. ನನಗೆ ಬೇಲೂರಿನ ಗೈಡು ಮೈಮೇಲೆ ಬಂದ. "ನೋಡಿ ತಾಯಂದಿರೇ, ಇದು ಹೊಯ್ಸಳ ರಾಣಿಯ ಬೀಸಣಿಗೆ!"

"ಅಯ್ಯೋ, ಎಷ್ಟು ಸೆಕೆ ತಡಕೊಂಡಿದ್ಲೋ ಮಾರಾಯ್ತಿ" ಎಂದ ಅಜ್ಜಿಯೊಬ್ಬರು ಚೀಲದಿಂದ ಅರಿಸಿನ ಕುಂಕುಮ ತೆಗೆದು ರೆಕ್ಕೆಗೆ ಹಚ್ಚಿ, ಮುಡಿಯ ಕನಕಾಂಬರವನ್ನೂ ಇಟ್ಟು ಕೈಮುಗಿದರು. ನಮ್ಮ ಸೀಮೆಯಲ್ಲಿ ನೆಟ್ಟಗೆ ನಿಂತದ್ದಕ್ಕೆಲ್ಲ ಕುಂಕುಮ ಬೀಳುತ್ತದೆ ಎನ್ನುವುದು ನನಗೆ ಮರೆತೇಹೋಗಿತ್ತು.

ಹೆಂಗಸರು ಹೊರಟರು, ಹಾಲಿನ ಚೊಂಬು ಹಿಡಿದು ಪದ್ಮರಾಜಯ್ಯನವರು ಬಂದರು. "ತಪ್ಪಾಯ್ತು ಸಾರ್" ಎಂದೆ, ನನ್ನದೇ ದನಿಯಲ್ಲಿ. ಅದು ಯಾರದೋ ಅನ್ನಿಸಿತು. ಎಲ್ಲ ಹೇಳಿ ಟವೆಲ್ಲಿನಿಂದ ಒರೆಸಲು ಹೋದರೆ ಕೈ ಹಿಡಿದರು.

"ಇರ್ಲಿ ಬಿಡ್ಲಾ. ಇಷ್ಟು ವರ್ಷದಲ್ಲಿ ಅವನಿಗೆ ಹೂವ ಇಟ್ಟೋರು ಯಾರವ್ರೆ?" ಚೊಂಬು ಕೆಳಗಿಟ್ಟು, "ಬಾಯಿ ಚುರುಕಾಗೈತಲ್ಲ, ಅವನ ಇಂಜಿನ್ ಮಾಡು ನೋಡಾಣ" ಎಂದರು.

ಮಾಡಿದೆ. ಈ ಸಲ ಕೆಮ್ಮು ಸೇರಿಸಲಿಲ್ಲ. ಗುಡುಗಿ, ನೆಲ ಬಿಟ್ಟು, ಏರಿ, ಕೆರೆಯಾಚೆ ಸಣ್ಣಗಾಗಿ, ಇಲ್ಲವಾಗುವ ತನಕ ಮಾಡಿದೆ. ಅವರು ಕಣ್ಣು ಮುಚ್ಚಿ ರೆಕ್ಕೆಯ ಮೇಲೆ ಕೈಯಿಟ್ಟು ನಿಂತಿದ್ದರು. ಶಭಾಷ್‌ಗಿರಿಗೆ ಕಾದೆ.

ಅವರು ಕಣ್ಣು ತೆರೆಯಲಿಲ್ಲ. "ಹೋಗಿದ್ದು ಹಿಂಗೇ ಕಣ್ಲಾ. ವಾಪಸ್ ಬರೋದು ಮಾಡು."