ಮಾವನ ಕಾರು, ಅತ್ತೆಯ ತವರು

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋದರೆ ಅರ್ಧ ಗಂಟೆ. ಸೈಕಲ್ಲಿನಲ್ಲಿ ಹೋದರೆ ಒಂದು ಗಂಟೆ. ಗಾಳಿ ಎದುರಾದರೆ ಇನ್ನೂ ಸ್ವಲ್ಪ ಹೆಚ್ಚು ಅನ್ನಿ. ನಮ್ಮ ಸೋದರಮಾವ ಮಾತ್ರ ಸ್ವಂತ ಕಾರಿನಲ್ಲಿ ಹೊರಟು ಹರಿಹರ ಮುಟ್ಟಲು ನಾಲ್ಕು ವರ್ಷ ತೆಗೆದುಕೊಂಡ! ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಮಾವನೂ ನಗುತ್ತಿದ್ದ, ಆದರೆ ಕಾರಿಗೆ ಕೇಳಿಸದಂತೆ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು, ಅವನ ಅಕ್ಕನ ಮಗಳು, ಕಾಲೇಜು ಓದಲು ಮಾವನ ಮನೆಯಲ್ಲೇ ಇದ್ದೆ; ಅವನು ನನ್ನನ್ನು ಪ್ರೀತಿಯಿಂದ "ತಂಗಿ" ಎನ್ನುತ್ತಿದ್ದ. ಮಾವನಿಗೆ ಮಂಡಿಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಸುತ್ತಲ ಹಳ್ಳಿಗಳ ಬಾವಿಯಿಂದ ನೀರೆತ್ತುವ ಯಂತ್ರಗಳೆಲ್ಲ ಅವನ ಕೈಗೆ ಬಂದರೆ ಸಾಕು, ಕೆಮ್ಮು ಬಿಟ್ಟು ಸಾಧುವಾಗುತ್ತಿದ್ದವು. ಹೀಗಿರುವಾಗ ಹರಿಹರದ ಒಂದು ಗೋದಾಮಿನಲ್ಲಿ ಅಮೆರಿಕದ ಕಾರೊಂದು ಬಿದ್ದಿದೆ ಎಂಬ ಸುದ್ದಿ ಬಂತು. ಯಾರೋ ಪರದೇಶದ ಇಂಜಿನಿಯರು ಬಿಟ್ಟುಹೋದದ್ದಂತೆ. ಅರವತ್ತರ ದಶಕದ ಮಾಲು. ಹಿಂದಿನ ಸೀಟಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಮಾವ ನೋಡಿದ, ಸೋತ, ಕೊಂಡ. ಕೋಳಿಗಳನ್ನು ಇಳಿಸಿ, ಎರಡು ಎತ್ತು ಕಟ್ಟಿ, ಎಳೆಸಿಕೊಂಡು ದಾವಣಗೆರೆಗೆ ತಂದ.

ಎತ್ತುಗಳು ಮೊದಲು ಹಾದುಹೋದದ್ದು ಯಾರ ಮನೆ ಮುಂದೆ ಅಂದುಕೊಂಡಿರಿ? ಅತ್ತೆಯ ತವರುಮನೆ ಮುಂದೆ! ಹರಿಹರದಲ್ಲಿ ಹೊಳೆ ದಂಡೆಗೇ ಆ ಮನೆ. ಅತ್ತೆಯ ಅಣ್ಣ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದವರು ಎದ್ದೇ ನಿಂತರು. ದಪ್ಪ ಮೀಸೆ, ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಮರ್ಯಾದೆಯ ಮನುಷ್ಯ. ಮಾವ ಅವರನ್ನು "ಭಾವ" ಎನ್ನುತ್ತಿದ್ದ; ನಾವೆಲ್ಲರೂ ಹಾಗೇ ಕರೆದು ರೂಢಿಯಾಗಿತ್ತು. ಮುಂದಿನ ವಾರ ನಮ್ಮ ಮನೆಗೆ ಬಂದಾಗ ಅವರು ತಂಗಿಯ ಮುಂದೆ ಹೇಳಿಯೇಬಿಟ್ಟರು.

"ಅಲ್ಲವ್ವಾ, ಕಾರು ಮುಂದಿದ್ರೆ ಎತ್ತು ಹಿಂದಿರಬೇಕು. ನಿನ್ನ ಗಂಡ ಎತ್ತಿನ ಹಿಂದೆ ಕಾರು ಕಟ್ಯಾನಲ್ಲ! ಊರಾಗ ತಲೆ ಎತ್ತಂಗಿಲ್ಲ ನಾವು."

ಅತ್ತೆ ಆವತ್ತು ಬೆಳಗ್ಗೆಯಷ್ಟೇ ಅದೇ ಕಾರಿನ ವಿಷಯಕ್ಕೆ ಮಾವನನ್ನು ಹಿಗ್ಗಾಮುಗ್ಗಾ ಬೈದಿದ್ದಳು. ಆದರೆ ಮನೆಯ ಜಗಳ ಮನೆಯದು. ಅಣ್ಣನ ಬಾಯಲ್ಲಿ ಆ ಮಾತು ಬಂದದ್ದೇ ತಡ, ಸೆರಗು ಸೊಂಟಕ್ಕೆ ಸಿಗಿಸಿದಳು.

"ನೋಡಣ್ಣ, ಇದೇ ಕಾರಿನಾಗ ಕುಂತ್ಕಂಡು ಪಂಚಮಿ ಹಬ್ಬಕ್ಕೆ ತವರಿಗೆ ಬರ್ತೀನಿ. ಅಲ್ಲೀತನಕ ನಿಮ್ಮ ಹೊಸ್ತಿಲು ತುಳಿಯಂಗಿಲ್ಲ. ಇದು ಮಾತು!"

ಮುಗಿಯಿತಲ್ಲ! ಆವತ್ತಿನಿಂದ ಅದು ಕಾರು ಕಟ್ಟುವ ಚಟವಾಗಿ ಉಳಿಯಲಿಲ್ಲ. ಒಬ್ಬ ಹೆಂಗಸು ತವರಿಗೆ ಹೋಗುವುದೋ ಬಿಡುವುದೋ ಎಂಬ ಪ್ರಶ್ನೆಯಾಯಿತು. ಅತ್ತೆಯ ಅವ್ವ ಪಾಪ, ತಾನೇ ಬಸ್ಸು ಹತ್ತಿ ಬಂದು ಮಗಳ ಮುಖ ನೋಡಿ ಹೋಗುತ್ತಿದ್ದಳು. ಹೋಗುವಾಗ ಕಾರಿಗೂ ಒಂದು ಕುಂಕುಮ ಇಟ್ಟು, "ಬೇಗ ಎದ್ದೇಳಪ್ಪಾ" ಎಂದು ಬೇಡಿಕೊಳ್ಳುತ್ತಿದ್ದಳು.

ಅಂದಹಾಗೆ, ಅಮೆರಿಕದವರ ಲೆಕ್ಕದಲ್ಲಿ ಇದು ಚಿಕ್ಕ ಕಾರಂತೆ! ಹಾಗಾದರೆ ಅವರ ದೊಡ್ಡ ಕಾರಿನಲ್ಲಿ ಏನು ಸಾಗಿಸುತ್ತಾರೆ, ಗದ್ದೆಯನ್ನೇ? ನಮ್ಮ ಓಣಿಯಲ್ಲಿ ಅದು ನಿಂತರೆ ಹಾಲಿನವನು ಸೈಕಲ್ಲನ್ನು ಹೊತ್ತುಕೊಂಡು ದಾಟಬೇಕಿತ್ತು. ಮನೆಯೊಳಗೆ ತರಲು ಕಾಂಪೌಂಡಿನ ಗೋಡೆ ಒಡೆಸಿದ್ದಾಯಿತು. ಬಾನೆಟ್ಟಿನ ಮೇಲೆ ಅತ್ತೆ ಓಣಿಗೆಲ್ಲ ಸಾಲುವಷ್ಟು ಸಂಡಿಗೆ ಇಡುತ್ತಿದ್ದಳು. ಬಿಸಿಲಿಗೆ ಕಾದ ಅಮೆರಿಕದ ತಗಡಿನ ಮೇಲೆ ಒಣಗಿದ ಸಂಡಿಗೆಯ ರುಚಿಯೇ ಬೇರೆ ಎಂದು ಪಕ್ಕದ ಮನೆಯವರು ಕೇಳಿ ಪಡೆಯುತ್ತಿದ್ದರು.

ಸಾಮಾನು ಎಲ್ಲಿ ಸಿಗಬೇಕು ಹೇಳಿ? ಫ್ಯಾನ್ ಬೆಲ್ಟು ಹಿಟ್ಟಿನ ಗಿರಣಿಯದು. ಹಾರನ್ನು ಲಾರಿಯದು, ಒತ್ತಿದರೆ ಓಣಿಯ ತೊಟ್ಟಿಲುಗಳಲ್ಲಿ ಮಕ್ಕಳೆಲ್ಲ ಒಟ್ಟಿಗೆ ಎದ್ದು ಅಳುತ್ತಿದ್ದವು. ಬಣ್ಣ ನಮ್ಮ ಮನೆ ಕಿಟಕಿಗೆ ಬಳಿದು ಉಳಿದ ಹಸಿರು. ರೇಡಿಯೇಟರಿಗೆ ತೂತು ಬಿದ್ದಾಗ ಮಾವ ಅದನ್ನು ತಲೆಯ ಮೇಲೆ ಹೊತ್ತು ಪಾತ್ರೆಗೆ ಕಲಾಯಿ ಹಾಕುವ ಸಾಬರ ಹತ್ತಿರ ಒಯ್ದ. ಅವರು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಊರಿನ ಇಡ್ಲಿ ಪಾತ್ರೆ ಭಾಯ್?" ಎಂದರು. ಕೊನೆಗೆ ತೂತು ಮುಚ್ಚಿದ್ದಲ್ಲದೆ, ಕೈಗೆ ಸಿಕ್ಕಿದಷ್ಟು ಒಳಗೂ ಹೊರಗೂ ಕಲಾಯಿ ಬಳಿದು ಫಳಫಳ ಹೊಳೆಸಿ ಕೊಟ್ಟರು.

"ತಗೋರಿ. ಇನ್ನು ಇದ್ರಾಗ ಹುಳಿಸಾರು ಕಾಸಿದ್ರೂ ಕಿಲುಬು ಬರಂಗಿಲ್ಲ, ಗ್ಯಾರಂಟಿ!"

ಗ್ಯಾರಂಟಿ ಸುಳ್ಳಾಗಲಿಲ್ಲ. ಕಿಲುಬು ಬರಲಿಲ್ಲ, ನೀರು ಮಾತ್ರ ಸೋರಿತು.

ಇನ್ನು ಆ ಕಾರಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ಟೇರಿಂಗು ಎಡಗಡೆ! ಅಮೆರಿಕದಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರಂತೆ, ಅವರಿಗೆ ಸರಿ. ಇಲ್ಲಿ ಮಾವ ಎಡಕ್ಕೆ ಕೂತರೆ ಮುಂದೆ ಹೋಗುವ ಎತ್ತಿನ ಗಾಡಿಯ ಹುಲ್ಲು ಬಿಟ್ಟು ಬೇರೇನೂ ಕಾಣದು. ಎದುರಿಗೆ ಬಸ್ಸು ಬರುತ್ತಿದೆಯೋ, ಬಯಲಿದೆಯೋ, ಬಲಗಡೆ ಕೂತವರೇ ನೋಡಿ ಹೇಳಬೇಕು. ಆ ಕೆಲಸ ಅತ್ತೆಗೆ ಬಂತು. ಕಾರು ಮೊದಲ ಸಲ ಉಸಿರಾಡಿದ ದಿನ ಆನಗೋಡಿನ ಕಡೆ ಪರೀಕ್ಷೆಗೆ ಹೋದೆವು. ಮುಂದೆ ಒಂದು ಗಾಡಿ. ಮಾವ ಕೇಳಿದ, "ಹೋಗ್ಲೇನೇ?"

"ಎಲ್ಲಿಗ್ರಿ?"

"ಎಲ್ಲಿಗಲ್ಲ, ಗಾಡಿ ದಾಟಿ ಮುಂದಕ್ಕೆ! ಎದುರಿಗೆ ಏನೈತೆ ನೋಡಿ ಹೇಳು!"

ಅತ್ತೆ ಕತ್ತು ಚಾಚಿ ನೋಡಿ ವರದಿ ಒಪ್ಪಿಸಿದಳು. "ಒಬ್ಬಾತ ಸೈಕಲ್ ಮ್ಯಾಲೆ ಬರಾಕತ್ತಾನೆ. ಹಿಂದೆ ಕೋಳಿಪುಟ್ಟಿ ಕಟ್ಯಾನೆ. ಅವನ ಹಿಂದೆ ಯಾರೋ ಕೆಂಪು ಸೀರೆ ಉಟ್ಟಾಕಿ, ಒಳ್ಳೆ ಬಣ್ಣ ಕಣ್ರಿ, ಆಮೇಲೆ ಒಂದು ಎಮ್ಮೆ..." ಅಷ್ಟರಲ್ಲಿ ಸೈಕಲ್ಲು, ಸೀರೆ, ಎಮ್ಮೆ ಎಲ್ಲ ನಮ್ಮನ್ನು ದಾಟಿ, ಎದುರಿಗೆ ಹೊಸ ಬಸ್ಸೊಂದು ಬಂದಾಗಿತ್ತು. ವಾಪಸ್ಸು ಬರುವಷ್ಟರಲ್ಲಿ ಗಂಡಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ಎರಡೇ ಮಾತು: "ಹೋಗ್ರಿ", ಇಲ್ಲವೇ "ತಡೀರಿ". ಅತ್ತೆ ಜೀವನದಲ್ಲಿ ಅಷ್ಟು ಚಿಕ್ಕದಾಗಿ ಮಾತಾಡಿದ್ದು ಆ ಕಾರಿನಲ್ಲಿ ಮಾತ್ರ.

ಮೊದಲ ಪಂಚಮಿ ಬಂತು. ಹಬ್ಬಕ್ಕೆ ತಂಗಿಯನ್ನು ಕರೆಯಲು ಅಣ್ಣ ಬರುವುದು ನಮ್ಮ ಕಡೆಯ ಪದ್ಧತಿ. ಭಾವ ಹೊಸ ರುಮಾಲು ಸುತ್ತಿ ಬಂದರು. ಕಾರು ತೊಳೆದು ಮಾಲೆ ಹಾಕಿ ನಿಲ್ಲಿಸಿತ್ತು. ಭಾವ ನೇರವಾಗಿ ಹೋದರು, ಮುಂದಿನ ಎಡಗಡೆಯ ಬಾಗಿಲು ತೆಗೆದರು, ಕೂತರು. ಅವರ ಪ್ರಕಾರ ಹಿರಿಯರ ಜಾಗ ಅದೇ ತಾನೆ? ಡ್ರೈವರ್ ಬಲಕ್ಕೆ, ಯಜಮಾನರು ಎಡಕ್ಕೆ. ಎದುರಿಗೆ ಚಕ್ರದಂಥದ್ದೊಂದು ಇದ್ದದ್ದು ಅವರಿಗೆ ಕಾಣದೆ ಇರಲಿಲ್ಲ. ಹಿಡಿದುಕೊಳ್ಳಲು ಇಟ್ಟಿದ್ದಾರೆ ಎಂದುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಈಗ ಅವರಿಗೆ ಹೇಳುವವರು ಯಾರು? ಹಿಂದೊಮ್ಮೆ ಮದುವೆ ಪಂಕ್ತಿಯಲ್ಲಿ ಯಾರೋ "ಸ್ವಲ್ಪ ಆ ಕಡೆ ಸರೀರಿ" ಅಂದದ್ದಕ್ಕೆ ಎಲೆ ಬಿಟ್ಟು ಎದ್ದು, ಎರಡು ವರ್ಷ ಆ ಮನೆಯವರ ಜೊತೆ ಮಾತು ಬಿಟ್ಟ ಮನುಷ್ಯ. ಮಾವ ಬಾಗಿಲ ಹತ್ತಿರ ನಿಂತು ತಲೆ ಕೆರೆದ.

"ಭಾವ, ಈ ಕಡೆ ಬಿಸಿಲು ಜಾಸ್ತಿ..."

"ಇರ್ಲಿ ಬಿಡ್ರಿ. ನಮಗೆ ಬಿಸಿಲು ಹೊಸದೇನಲ್ಲ."

"ಆ ಕಡೆ ಸೀಟು ಮೆತ್ತಗೈತೆ ಭಾವ..."

"ಗಟ್ಟಿ ಸೀಟೇ ಬೆನ್ನಿಗೆ ಒಳ್ಳೇದು."

ಮಾವ ಕಿಟಕಿಯಿಂದ ಕೈ ತೂರಿಸಿ ಕೀಲಿ ತಿರುಗಿಸಿ, ಮೊದಲು ಇಂಜಿನ್ನು ಏಳಲಿ, ಆಮೇಲೆ ಭಾವನನ್ನು ಹೇಗಾದರೂ ಎಬ್ಬಿಸೋಣ ಎಂದುಕೊಂಡ. ಇಂಜಿನ್ನು ಏಳಲಿಲ್ಲ. ಓಣಿಯವರು ನೂಕಲು ಬಂದರು. ಅದು ಗೇರಿನಲ್ಲಿತ್ತು. ನೂಕಿದರು, ನೂಕಿದರು, ಇಳಿಜಾರು ಬಂತು, ಢಂ ಎಂದು ಹೊಗೆ ಬಿಟ್ಟು ಕಾರು ಎದ್ದೇಬಿಟ್ಟಿತು! ಭಾವ ಒಬ್ಬರೇ ಒಳಗೆ. "ತಿರುಗ್ಸ್ರಿ ಭಾವ! ತುಳೀರಿ ಭಾವ!" ಎಂದು ಮಾವ ಹಿಂದೆ ಓಡಿದ. ಭಾವ ಏನನ್ನು ತುಳಿಯಬೇಕು? ಕಾಲೆರಡನ್ನೂ ಸೀಟಿನ ಮೇಲೆತ್ತಿ ಪದ್ಮಾಸನ ಹಾಕಿಕೊಂಡಿದ್ದರು! ಕಾರು ನೇರವಾಗಿ ಮಂಡಕ್ಕಿ ಮಿರ್ಚಿ ಅಂಗಡಿಯ ಕಡೆಗೆ ಹೊರಟಿತು. ಕಾಯುತ್ತಿದ್ದ ಎಣ್ಣೆ ಬಾಣಲೆಯ ಮುಂದೆ ಬಂದು, ತನ್ನ ಹುಟ್ಟುಗುಣದಂತೆ ತಾನಾಗಿಯೇ ನಿಂತಿತು. ಆ ಕಾರಿನ ಆ ಒಂದು ದುರ್ಗುಣ ಆವತ್ತು ನಮ್ಮ ಎರಡು ಮನೆಗಳ ಸಂಬಂಧ ಉಳಿಸಿತು. ಭಾವ ಇಳಿದು ರುಮಾಲು ಸರಿಮಾಡಿಕೊಂಡು, "ಹರಿಹರದ ಬಸ್ಸು ಎಷ್ಟೊತ್ತಿಗೈತೆ?" ಎಂದು ಮಾತ್ರ ಕೇಳಿದರು. ಅತ್ತೆ ಬಸ್ಸು ಹತ್ತಲಿಲ್ಲ. ಅಣ್ಣನ ಕೈಯಲ್ಲಿ ಅವ್ವನಿಗೆ ಶೇಂಗಾ ಉಂಡೆ ಕಳಿಸಿದಳು.

ಮುಂದಿನ ಪಂಚಮಿಗೆ ಊರ ಗಡಿ ದಾಟಿತು, ಅಚ್ಚು ಮುರಿಯಿತು. ಅದರ ಮುಂದಿನ ವರ್ಷ ಅರ್ಧ ದಾರಿ ಹೋಗಿ, ಹೋದ ಅರ್ಧವನ್ನೂ ಟ್ರ್ಯಾಕ್ಟರಿನ ಹಿಂದೆ ವಾಪಸ್ಸು ಬಂತು. ಅತ್ತೆ ಪ್ರತಿ ವರ್ಷ ಹೊಸ ಸೀರೆ ಉಟ್ಟು ಹತ್ತುವಳು, ಹಳೆ ಸೀರೆಯಷ್ಟು ಮಸಿ ಮಾಡಿಕೊಂಡು ಇಳಿಯುವಳು.

ಆಮೇಲಿನ ಬೇಸಿಗೆಯಲ್ಲಿ ಒಂದು ತಮಾಷೆ ನಡೆಯಿತು. ಅತ್ತೆ ಸಂಡಿಗೆ ಹಿಟ್ಟು ತಂದು ಬಾನೆಟ್ಟಿನ ಮೇಲೆ ಇಡುವುದು ಬಿಟ್ಟು ಅದರ ಪಕ್ಕದ ಗಾಳಿಗೆ ಇಟ್ಟಳು. ಹಿಟ್ಟೆಲ್ಲ ನೆಲದ ಪಾಲು. ಮಾವ ಒಳಗಿಂದ ಓಡಿಬಂದು, "ತಪ್ಪು ನಂದೇ. ರಾತ್ರಿ ಕಾರು ಸ್ವಲ್ಪ ಸರಿಸಿ ನಿಲ್ಸಿದ್ದೆ, ಹೇಳಾಕೆ ಮರೆತೆ" ಎಂದ. ನಾವು ಬಿದ್ದು ಬಿದ್ದು ನಕ್ಕೆವು. ನಾಲ್ಕು ಚಕ್ರ ಬಿಚ್ಚಿ ಕಲ್ಲಿನ ಮೇಲೆ ನಿಲ್ಲಿಸಿದ್ದ ಕಾರನ್ನು ಈ ಮಹಾನುಭಾವ ಯಾವ ಮಂತ್ರದಿಂದ ಸರಿಸಿದ? ಅದೂ ಅಲ್ಲದೆ, ಕಾರಿನ ವಿಷಯದಲ್ಲಿ ತಪ್ಪು ತನ್ನದು ಅಂತ ಮಾವ ಒಪ್ಪಿಕೊಂಡದ್ದು ಅದೇ ಮೊದಲು.

ಆ ವರ್ಷ ಮಾವನಿಗೆ ಹುಚ್ಚು ಹಿಡಿದಂತಾಯಿತು. ಅಂಗಡಿ ಮುಚ್ಚಿದ. ರೈತರು ಪಂಪು ಹೊತ್ತು ಬಂದರೆ "ಪಂಚಮಿ ಆದ ಮ್ಯಾಲೆ ಬರ್ರಿ" ಎಂದು ಕಳಿಸಿದ. ಇಂಜಿನ್ನನ್ನು ನೆಲಕ್ಕಿಳಿಸಿ ಒಂದೊಂದೇ ತುಣುಕು ಉಜ್ಜಿ ಮತ್ತೆ ಕಟ್ಟಿದ. "ಯಾಕ ಮಾವ ಇಷ್ಟು ಅವಸರ? ಈ ಪಂಚಮಿ ಇಲ್ದಿದ್ರೆ ಬರೋ ಪಂಚಮಿ" ಎಂದರೆ, ಸ್ಪ್ಯಾನರ್ ಎತ್ತಿ ತೋರಿಸಿದ.

ಮತ್ತು ಆ ಪಂಚಮಿಗೆ ಕಾರು ಒಂದೇ ಕೀಲಿಗೆ ಎದ್ದಿತು! ಭಾವ ಈ ಸಲ ಕರೆಯಲು ಬಂದಿರಲಿಲ್ಲ, ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದ್ದರು. ಅವರ ಜೀವದ ಮೇಲೆ ಅವರಿಗೂ ಆಸೆ ಇರುತ್ತದಲ್ಲ! ಮಾವ ಎಡಕ್ಕೆ, ಅತ್ತೆ ಬಲಕ್ಕೆ, ನಾನು ಹಿಂದೆ ಉಂಡೆಯ ಡಬ್ಬಿ ತಬ್ಬಿಕೊಂಡು. ಗಾಡಿ ಸಿಕ್ಕಿದಾಗಲೆಲ್ಲ ಮಾವ ಕೇಳುವನು, "ಹೋಗ್ಲೇನೇ?" ಅತ್ತೆ, "ಹೋಗ್ರಿ." ನಾವು ದಾಟುವೆವು. ಲಾರಿ ಸಿಕ್ಕಿತು, ದಾಟಿದೆವು. ಹೆಮ್ಮೆಯಿಂದ ನಾನೇ ಕಿಟಕಿಯಲ್ಲಿ ಕೈ ಬೀಸುತ್ತಿದ್ದೆ. ಒಂದೇ ವಿಚಿತ್ರ: ಪ್ರತಿ ಸಲ ಕೇಳುವ ಮೊದಲು ಮಾವ ಬಲಕ್ಕೆ, ಅತ್ತೆಯ ಮಡಿಲಿಗೇ ಬೀಳುವಷ್ಟು ವಾಲಿ ಎದುರಿನ ದಾರಿ ನೋಡುತ್ತಿದ್ದ. ಸೊಂಟ ಹಿಡಿದಿರಬೇಕು ಎಂದುಕೊಂಡೆ.

ಹರಿಹರ ಬಂತು. ಕಾರು ಹೊಳೆ ದಂಡೆಯ ದಾರಿಗೆ ತಿರುಗಿತು. ಶ್ರಾವಣದ ಹೊಳೆ, ದಡದಿಂದ ದಡಕ್ಕೆ ಕೆಂಪಗೆ ತುಂಬಿ, ಕಾರಿನ ಗಾಜಿನ ತುಂಬಾ ಅದೇ ಕಾಣುತ್ತಿತ್ತು. ಅತ್ತೆ ನೆಟ್ಟಗೆ ಅದರ ಕಡೆಗೇ ಮುಖ ಮಾಡಿ ಕೂತು, ಮೆಲ್ಲಗೆ ಕೇಳಿದಳು:

"ಹೊಳೆ ತುಂಬೈತೇನ್ರಿ?"

ನನಗೆ ಬೇಸಿಗೆಯಲ್ಲಿ ನೆಲಕ್ಕೆ ಬಿದ್ದ ಸಂಡಿಗೆ ಹಿಟ್ಟು ನೆನಪಾಯಿತು.

"ತುಂಬೈತೆ" ಎಂದ ಮಾವ. "ಆ ದಡದ ಮೆಟ್ಟ್ಲು ಎಲ್ಲಾ ಮುಳುಗ್ಯಾವೆ."

ತವರಿನ ಬಾಗಿಲಲ್ಲಿ ಅವ್ವ, ಭಾವ, ಓಣಿಯೆಲ್ಲ ನಿಂತಿತ್ತು. ಭಾವ ಮೀಸೆಯ ಅಡಿಯಲ್ಲಿ ನಗು ತಡೆಯಲಾರದೆ, "ಬಂದ್ಯೇನವ್ವಾ! ಗೆದ್ದೆ ಬಿಡು!" ಎಂದರು. ಮಾವ ಮುಂದೆ ಮುಂದೆ ಹೋಗುತ್ತಾ ಗಟ್ಟಿಯಾಗಿ ತಕರಾರು ಶುರುಮಾಡಿದ. "ಏನ್ ಭಾವ, ಮೆಟ್ಟ್ಲು ಇಷ್ಟೆತ್ತರ ಕಟ್ಸೀರಿ! ಎರಡನೇದು ಒಡೆದೈತೆ! ಹೊಸ್ತಿಲೂ ಎತ್ತರ ಆತಲ್ರೀ!" ಭಾವನಿಗೆ ಕೋಪ ಬಂತು. ಅತ್ತೆ ಮಾತ್ರ ಒಂದೊಂದು ತಕರಾರಿಗೆ ಒಂದೊಂದು ಹೆಜ್ಜೆ ಎತ್ತಿಟ್ಟು, ಎಲ್ಲೂ ಎಡವದೆ, ರಾಣಿಯ ಹಾಗೆ ಒಳಗೆ ಹೋದಳು.

ಊಟವಾದ ಮೇಲೆ ಮಾವ ಕಾರಿಗೆ ನೀರು ಹಾಕುತ್ತಿದ್ದಾಗ ಹತ್ತಿರ ಹೋದೆ. ನಾನು ಕೇಳುವ ಮೊದಲೇ ಅವನೇ ಹೇಳಿದ.

"ಕಣ್ಣಿನ ನರ ಒಣಗೈತಂತೆ. ಡಾಕ್ಟ್ರು ಹೋದ ವರ್ಷಾನೇ ಹೇಳಿದ್ರು. ತವರಿನೋರಿಗೆ ಹೇಳಬ್ಯಾಡ್ರಿ ಅಂದ್ಲು. ಕಣ್ಣು ಪೂರಾ ಹೋಗೋದ್ರಾಗ ಈ ಹೊಳೆ ತೋರ್ಸ್ಬೇಕು ಅಂತ ಗುದ್ದಾಡಿದೆ ತಂಗಿ. ಕಾರು ಎದ್ದೇಳೋದು ತಡ ಆತು."

ಬೇರೇನು ಕೇಳಬೇಕೆಂದು ತಿಳಿಯದೆ ಕೇಳಿದೆ: "ಮತ್ತೆ ದಾರಿ ಉದ್ದಕ್ಕೂ ಆಕೀನ ಯಾಕ ಕೇಳ್ತಿದ್ದಿ ಮಾವ?"

"ಹೆಂಗೆ ಬಿಡ್ಲಿ? ಆಕಿ ಹೇಳ್ದೇ ಓಡ್ಸಾಕೆ ನಂಗೆ ಬರಂಗಿಲ್ಲ."

ನನಗೆ ಅಳು ಬಂತು. ಮಾವ ರೇಡಿಯೇಟರಿನ ಮುಚ್ಚಳ ಬಿಗಿ ಮಾಡುತ್ತಾ ನಿಂತ.

ಸಂಜೆ ಹಿಂದಿರುಗುವಾಗ ಊರು ದಾಟುತ್ತಲೇ ಜೋಳದ ದಂಟು ಹೇರಿದ ಗಾಡಿಯೊಂದು ಅಡ್ಡ ಸಿಕ್ಕಿತು. ಈ ಸಲ ನಾನು ದಾರಿ ನೋಡಲಿಲ್ಲ, ಅವರಿಬ್ಬರನ್ನೇ ನೋಡುತ್ತಿದ್ದೆ. ಮಾವ ಬಲಕ್ಕೆ ವಾಲುವ ಮೊದಲೇ, ಅವನಿಗೆ ದಾರಿ ಕಾಣಲಿ ಎಂದು, ಅತ್ತೆ ಸದ್ದಿಲ್ಲದೆ ಹೆಗಲನ್ನು ಹಿಂದಕ್ಕೆ ಸರಿಸಿ ಸೀಟಿಗೆ ಒರಗಿಕೊಂಡಳು. ಮಾವ ವಾಲಿ ನೋಡಿದ. ಎದುರಿಗೆ ಬಯಲಿತ್ತು. ಮತ್ತೆ ನೆಟ್ಟಗೆ ಕೂತು ಕೇಳಿದ:

"ಹೋಗ್ಲೇನೇ?"

ಅತ್ತೆ ಕತ್ತು ಚಾಚಿ ದಾರಿಯುದ್ದಕ್ಕೂ ನೋಡಿದಂತೆ ಮಾಡಿ, ಮೊದಲಿನ ಅದೇ ಗತ್ತಿನಲ್ಲಿ ಹೇಳಿದಳು:

"ಹೋಗ್ರಿ."